ಮಳೆ ಸುರಿದರೂ ಬೋರ್‌ವೆಲ್ ಯಾಕೆ ಬತ್ತಿದೆ? ನಡುವಿನ ಮಣ್ಣಿನ ಲೆಕ್ಕ

ಮೇ ತಿಂಗಳ ಒಂದು ಸಂಜೆ. ನಾಲ್ಕಕ್ಕೆ ಮೋಡ ಕಟ್ಟಿತು, ಐದಕ್ಕೆ ಗುಡುಗಿತು, ಆರರ ಹೊತ್ತಿಗೆ ರಸ್ತೆಯೆಲ್ಲ ಹೊಳೆ. ಅಂಡರ್‌ಪಾಸಿನಲ್ಲಿ ನೀರು ನಿಂತ ವಿಡಿಯೋ ಎಲ್ಲರ ಫೋನಿಗೂ ಬಂತು. ಮಾರನೇ ದಿನ ಬೆಳಗ್ಗೆ ಏಳಕ್ಕೆ ನಮ್ಮ ಗೇಟಿನ ಮುಂದೆ ಎಂದಿನಂತೆ ಟ್ಯಾಂಕರ್ ನಿಂತಿತ್ತು. ಅಪಾರ್ಟ್‌ಮೆಂಟಿನ ವಾಟ್ಸಾಪ್ ಗುಂಪಿನಲ್ಲಿ ಯಾರೋ ಕೇಳಿದರು: "ನಿನ್ನೆ ಅಷ್ಟು ಮಳೆ ಹೊಯ್ತಲ್ಲ, ಬೋರ್‌ವೆಲ್‌ಗೆ ನೀರು ಬಂದಿರಬೇಕಲ್ವಾ?"

ಬಂದಿರಲಿಲ್ಲ. 2024ರ ಬೇಸಿಗೆಯಲ್ಲಿ ಬೆಂಗಳೂರಿನ ಸಾವಿರಾರು ಬೋರ್‌ವೆಲ್‌ಗಳು ಬತ್ತಿದ ಮೇಲೆ ಈ ಪ್ರಶ್ನೆ ಬರೀ ಹರಟೆಯಾಗಿ ಉಳಿದಿಲ್ಲ. ಇಂಗು ಬಾವಿ ತೋಡಿಸಬೇಕಾ, ಎಷ್ಟು ಆಳ ಬೇಕು, ಹಾಕಿದ ದುಡ್ಡಿಗೆ ನೀರು ಯಾವಾಗ ಕಾಣುತ್ತದೆ ಅಂತ ಜನ ಲೆಕ್ಕ ಕೇಳುತ್ತಿದ್ದಾರೆ.

ಲೆಕ್ಕ ಇದೆ. ಆದರೆ ಅದು ಶುರುವಾಗುವುದು ಬೋರ್‌ವೆಲ್‌ನಲ್ಲೂ ಅಲ್ಲ, ಮೋಡದಲ್ಲೂ ಅಲ್ಲ. ಇವೆರಡರ ನಡುವೆ, ನಮ್ಮ ಕಾಲಕೆಳಗೆ ಇರುವ ಮಣ್ಣಿನಲ್ಲಿ. ಆ ಮಣ್ಣು ನೀರನ್ನು ಕೆಳಗೆ ಸಾಗಿಸುವ ಪೈಪು ಅಂತ ನಾವು ಅಂದುಕೊಂಡಿದ್ದೇವೆ. ಅದು ಪೈಪಿಗಿಂತ ಜಾಸ್ತಿ ಕಾಫಿ ಫಿಲ್ಟರ್ ಥರ.

ಫಿಲ್ಟರ್‌ನಲ್ಲಿ ಏನಾಗುತ್ತದೆ ನೋಡಿ

ಸ್ಟೀಲ್ ಫಿಲ್ಟರ್‌ಗೆ ನಾಲ್ಕು ಚಮಚ ಪುಡಿ ಹಾಕಿ, ಸ್ವಲ್ಪ ಒತ್ತಿ, ಬಿಸಿನೀರು ಹೊಯ್ಯುತ್ತೀರಿ. ಕೆಳಗಿನ ಪಾತ್ರೆಗೆ ತಕ್ಷಣ ಏನೂ ಬೀಳುವುದಿಲ್ಲ. ಮೊದಲ ನೀರನ್ನು ಪುಡಿಯೇ ಕುಡಿದುಬಿಡುತ್ತದೆ. ಪುಡಿ ಪೂರ್ತಿ ನೆಂದ ಮೇಲೆ ಡಿಕಾಕ್ಷನ್ ತೊಟ್ಟಿಕ್ಕಲು ಶುರು. ಅರ್ಧ ಲೋಟ ನೀರು ಹಾಕಿದರೆ ಅರ್ಧ ಲೋಟ ಡಿಕಾಕ್ಷನ್ ಯಾವತ್ತೂ ಸಿಗುವುದಿಲ್ಲ.

ಮಾರನೇ ದಿನ ಆ ಚರಟವನ್ನು ಗಿಡದ ಬುಡಕ್ಕೆ ಹಾಕುವಾಗ ಮುಟ್ಟಿ ನೋಡಿ. ಇನ್ನೂ ಒದ್ದೆ ಇರುತ್ತದೆ. ಕೆಳಗೆ ರಂಧ್ರಗಳಿವೆ, ಗುರುತ್ವ ರಾತ್ರಿಯಿಡೀ ಎಳೆಯುತ್ತಲೇ ಇತ್ತು, ಆದರೂ ಆ ನೀರು ಇಳಿಯಲಿಲ್ಲ. ಪುಡಿ ಹಿಡಿದುಕೊಂಡಿದೆ. ಇನ್ನೊಂದು ವಿಷಯ ಅಮ್ಮಂದಿರಿಗೆಲ್ಲ ಗೊತ್ತು. ಪುಡಿ ತೀರಾ ನುಣ್ಣಗಿದ್ದರೆ ಅಥವಾ ಜಾಸ್ತಿ ಒತ್ತಿದರೆ ಡಿಕಾಕ್ಷನ್ ಇಳಿಯುವುದೇ ಇಲ್ಲ. ದಪ್ಪ ಪುಡಿಯಾದರೆ ನೀರು ಸರ್ರನೆ ಇಳಿದು ತೆಳ್ಳಗಾಗುತ್ತದೆ.

ಮಣ್ಣಿನ ನೀರಿನ ವಿಜ್ಞಾನದಲ್ಲಿ ಬೇಕಾದ ಮುಖ್ಯ ಸಂಗತಿಗಳೆಲ್ಲ ಈ ಫಿಲ್ಟರ್‌ನಲ್ಲಿವೆ. ಉಳಿದದ್ದು ಅದಕ್ಕೆ ಅಂಕಿ ಹಚ್ಚುವ ಕೆಲಸ.

ಅರೆತುಂಬಿದ ಮಣ್ಣು

ಒಂದು ಹಿಡಿ ಮಣ್ಣಿನಲ್ಲಿ ಹೆಚ್ಚುಕಮ್ಮಿ ಅರ್ಧ ಭಾಗ ಮಾತ್ರ ಗಟ್ಟಿ ಕಣಗಳು. ಉಳಿದದ್ದು ಕಣಗಳ ನಡುವಿನ ಸಂದು. ಸಂದುಗಳೆಲ್ಲ ನೀರಿನಿಂದ ತುಂಬಿದ್ದರೆ ಅದು ಪರ್ಯಾಪ್ತ ಮಣ್ಣು. ಅಂತರ್ಜಲ ಅಂತ ನಾವು ಕರೆಯುವುದು ಇಂಥ ಪೂರ್ತಿ ತುಂಬಿದ ಜಾಗವನ್ನೇ. ಸಂದುಗಳಲ್ಲಿ ಸ್ವಲ್ಪ ನೀರು, ಸ್ವಲ್ಪ ಗಾಳಿ ಇದ್ದರೆ ಅದು ಅಪರ್ಯಾಪ್ತ ಮಣ್ಣು. ಈ ಲೇಖನದಲ್ಲಿ ಅದನ್ನು ಅರೆತುಂಬಿದ ಮಣ್ಣು ಅನ್ನೋಣ.

ಬೇರು ಇರುವುದು ಇಲ್ಲೇ. ಎರೆಹುಳ ಇರುವುದು ಇಲ್ಲೇ. ಲಾಲ್‌ಬಾಗಿನ ಮರಗಳು ನೀರು ಕುಡಿಯುವುದೂ ಬಹುಪಾಲು ಇಲ್ಲಿಂದಲೇ. ಬೆಂಗಳೂರಿನಲ್ಲಿ ಈ ಪದರದ ಮೇಲ್ಭಾಗ ಕೆಮ್ಮಣ್ಣು, ಅದರ ಕೆಳಗೆ ಗರಸು, ಅದರ ಕೆಳಗೆ ಶಿಥಿಲಗೊಂಡ ಕಲ್ಲು, ಆಮೇಲೆ ಗಟ್ಟಿ ಬಂಡೆ. ಲಾಲ್‌ಬಾಗಿನ ಗುಡ್ಡದಲ್ಲಿ ಮೇಲೆದ್ದು ಕಾಣುವ ಸುಮಾರು 300 ಕೋಟಿ ವರ್ಷ ಹಳೆಯ ಬಂಡೆ ಇದೆಯಲ್ಲ, ಅದೇ ಜಾತಿಯ ಕಲ್ಲು ಊರಿನ ಹೆಚ್ಚಿನ ಭಾಗದಲ್ಲಿ ಮಣ್ಣು ಹೊದ್ದು ಮಲಗಿದೆ. ಬೋರ್‌ವೆಲ್ ನೀರು ತರುವುದು ಆ ಕಲ್ಲಿನ ಬಿರುಕುಗಳಿಂದ. ಮಳೆನೀರು ಅಲ್ಲಿಗೆ ಮುಟ್ಟಬೇಕಾದರೆ ಮೊದಲು ಅರೆತುಂಬಿದ ಈ ಪದರವನ್ನು ದಾಟಬೇಕು.

ಹಿಡಿತ: ಮಣ್ಣು ನೀರನ್ನು ಬಿಡದಿರುವ ಬಗೆ

ತೆಳ್ಳನೆಯ ಗಾಜಿನ ನಳಿಗೆಯನ್ನು ನೀರಿಗೆ ಅದ್ದಿದರೆ ನೀರು ತಾನಾಗೇ ಮೇಲೇರುತ್ತದೆ. ಸೀಮೆಎಣ್ಣೆ ದೀಪದ ಬತ್ತಿಯಲ್ಲಿ ಎಣ್ಣೆ ಏರುವುದೂ ಹೀಗೇ. ನಳಿಗೆ ಸಣ್ಣದಾದಷ್ಟೂ ಏರುವುದು ಜಾಸ್ತಿ. 1 ಮಿ.ಮೀ. ಅಗಲದ ನಳಿಗೆಯಲ್ಲಿ ನೀರು ಸುಮಾರು 3 ಸೆಂ.ಮೀ. ಏರುತ್ತದೆ. ಅಗಲ ಅದರ ಹತ್ತನೇ ಒಂದು ಭಾಗವಾದರೆ 30 ಸೆಂ.ಮೀ. ನೂರನೇ ಒಂದು ಭಾಗವಾದರೆ 3 ಮೀಟರ್.

ಮಣ್ಣಿನ ಸಂದುಗಳೂ ಇಂಥವೇ ನಳಿಗೆಗಳು, ಅಂಕುಡೊಂಕು ಅಷ್ಟೇ. ಸಣ್ಣ ಸಂದು ನೀರನ್ನು ಬಿಗಿಯಾಗಿ ಹಿಡಿಯುತ್ತದೆ, ದೊಡ್ಡ ಸಂದು ಸಡಿಲವಾಗಿ. ಹಾಗಾಗಿ ಮಣ್ಣು ಒಣಗುವಾಗ ದೊಡ್ಡ ಸಂದುಗಳು ಮೊದಲು ಖಾಲಿಯಾಗುತ್ತವೆ. ಉಳಿದ ನೀರು ಇನ್ನೂ ಸಣ್ಣ ಸಂದುಗಳಲ್ಲಿ ಇನ್ನೂ ಬಿಗಿಯಾಗಿ ಕೂತಿರುತ್ತದೆ. ಈ ಬಿಗಿಯನ್ನು ಹಿಡಿತ ಅನ್ನೋಣ. ಅದನ್ನು ಒತ್ತಡದ ಹಾಗೆ ಕಿಲೋಪಾಸ್ಕಲ್‌ನಲ್ಲಿ ಅಳೆಯುತ್ತಾರೆ, ಇಲ್ಲವೇ ಇಷ್ಟು ಸೆಂಟಿಮೀಟರ್ ಎತ್ತರದ ನೀರನ್ನು ಎಳೆಯುವ ಬಲ ಅಂತ ಹೇಳುತ್ತಾರೆ.

ಎರಡು ಗುರುತುಗಳನ್ನು ನೆನಪಿಟ್ಟುಕೊಂಡರೆ ಸಾಕು. ಚೆನ್ನಾಗಿ ಮಳೆ ಬಂದು, ಹೆಚ್ಚುವರಿ ನೀರೆಲ್ಲ ಒಂದೆರಡು ದಿನ ಇಳಿದು, ಮಣ್ಣು ಒಂದು ಸ್ಥಿತಿಗೆ ಬಂದು ನಿಲ್ಲುತ್ತದೆ. ನಮ್ಮ ರೈತರು ಇದಕ್ಕೆ ಚೆಂದದ ಮಾತು ಇಟ್ಟಿದ್ದಾರೆ: ಮಣ್ಣು ಹದಕ್ಕೆ ಬಂತು. ಮುದ್ದೆ ಕಟ್ಟಿದರೆ ಕಟ್ಟುತ್ತದೆ, ಕೈಗೆ ಮೆತ್ತುವುದಿಲ್ಲ, ನೇಗಿಲು ಹೂಡಬಹುದು. ಪ್ರಯೋಗಾಲಯದಲ್ಲಿ ಇದಕ್ಕೆ ಸಾಮಾನ್ಯವಾಗಿ 33 ಕಿಲೋಪಾಸ್ಕಲ್ ಹಿಡಿತ ಅಂತ ಇಟ್ಟುಕೊಳ್ಳುತ್ತಾರೆ. ನನ್ನ ಮಟ್ಟಿಗೆ 'ಹದ' ಅನ್ನುವ ಪದವೇ ಈ ಅಂಕಿಗಿಂತ ಮೇಲು. ಯಾಕೆಂದರೆ ನಿಜವಾದ ಹೊಲದಲ್ಲಿ ಅದು ಒಂದು ಚುಕ್ಕೆಯಲ್ಲ, ಒಂದು ಆಸುಪಾಸು.

ಇನ್ನೊಂದು ಗುರುತು ಗಿಡ ಬಾಡಿ, ಮತ್ತೆ ಚೇತರಿಸಿಕೊಳ್ಳದ ಹಂತ. ಅಲ್ಲಿ ಹಿಡಿತ ಸುಮಾರು 1500 ಕಿಲೋಪಾಸ್ಕಲ್. ಕಾರಿನ ಟೈರಿಗೆ ತುಂಬುವ ಗಾಳಿಯ ಒತ್ತಡದ ಏಳು ಪಟ್ಟು ಅಂದುಕೊಳ್ಳಿ. ಅಥವಾ ಐವತ್ತು ಮಹಡಿಯ ಕಟ್ಟಡದ ತುದಿಗೆ ನೀರು ಏರಿಸುವ ಬಲ. ಮಣ್ಣಿನಲ್ಲಿ ನೀರು ಇರುತ್ತದೆ, ಆದರೆ ಬೇರಿಗೆ ಅದನ್ನು ಕೀಳಲು ಆಗುವುದಿಲ್ಲ.

ಮೀಟರ್ 20 ಅಂದರೆ ಒದ್ದೆಯೋ, ಒಣಗಿದ್ದೋ?

ಟೆರೇಸ್ ಗಾರ್ಡನ್ ಮಾಡುವವರು ಈಗ ಆನ್‌ಲೈನಿನಲ್ಲಿ ತೇವಾಂಶ ಅಳೆಯುವ ಕಡ್ಡಿ ತರಿಸುತ್ತಾರೆ. ಕುಂಡಕ್ಕೆ ಚುಚ್ಚಿದರೆ ಅದು ಒಂದು ಅಂಕಿ ತೋರಿಸುತ್ತದೆ. ಶೇಕಡಾ 20 ತೇವ ಅಂದರೆ ನೀರು ಹಾಕಬೇಕಾ, ಬೇಡವಾ?

ಮಣ್ಣು ಯಾವುದು ಅಂತ ಗೊತ್ತಿಲ್ಲದೆ ಉತ್ತರ ಹೇಳಲಾಗದು. ಜಗತ್ತಿನಾದ್ಯಂತ ಇಂಥ ಲೆಕ್ಕಗಳಿಗೆ ಬಳಸುವ ಸರಾಸರಿ ಅಂಕಿಗಳನ್ನೇ ತೆಗೆದುಕೊಳ್ಳೋಣ. ಮರಳು ಹದಕ್ಕೆ ಬಂದಾಗ ಅದರಲ್ಲಿ ಉಳಿಯುವ ನೀರು ಮಣ್ಣಿನ ಗಾತ್ರದ ಶೇಕಡಾ 5ರ ಹತ್ತಿರ. ಮರಳು, ಜೇಡಿ ಎಲ್ಲ ಬೆರೆತ ಗೋಡುಮಣ್ಣಿನಲ್ಲಿ 16ರಿಂದ 17. ಜೇಡಿಮಣ್ಣಿನಲ್ಲಿ 35ರ ಹತ್ತಿರ. ಬಾಡುವ ಹಂತದಲ್ಲಿ ಗೋಡುಮಣ್ಣಿನಲ್ಲಿ 9 ಉಳಿದಿದ್ದರೆ, ಜೇಡಿಯಲ್ಲಿ 27 ಉಳಿದಿರುತ್ತದೆ. ಅಂದರೆ 20 ಅನ್ನುವ ಅಂಕಿ ಮರಳಿಗೆ ತೊಪ್ಪೆ, ಗೋಡಿಗೆ ಹಿತ, ಜೇಡಿಯಲ್ಲಿ ಗಿಡ ಸತ್ತೇ ಹೋಗಿರುತ್ತದೆ.

ನೀರು ಎಷ್ಟಿದೆ, ಅದನ್ನು ಮಣ್ಣು ಎಷ್ಟು ಬಿಗಿಯಾಗಿ ಹಿಡಿದಿದೆ ಎಂಬುದರ ನಡುವಿನ ಸಂಬಂಧವನ್ನು ಕಾಗದದ ಮೇಲೆ ಬರೆದರೆ ಒಂದು ಬಾಗಿದ ಗೆರೆ ಸಿಗುತ್ತದೆ. ಇದನ್ನು ಹಿಡಿತದ ಗೆರೆ ಅನ್ನೋಣ. ಪ್ರತಿ ಮಣ್ಣಿಗೂ ಅದರದ್ದೇ ಗೆರೆ, ಬೆರಳಚ್ಚು ಇದ್ದ ಹಾಗೆ.

ವಿಜಯಪುರ, ಕಲಬುರಗಿ ಕಡೆಯ ಓದುಗರಿಗೆ ಈ ಗೆರೆ ಕಾಗದದಲ್ಲಿ ನೋಡಬೇಕಾಗಿಯೇ ಇಲ್ಲ. ಅಲ್ಲಿನ ಕಪ್ಪುಮಣ್ಣಿನ ಎರೆಭೂಮಿ ಮಳೆಗಾಲದ ನೀರನ್ನು ಹಿಡಿದಿಟ್ಟುಕೊಂಡು, ಮಳೆ ನಿಂತ ಮೇಲೂ ಹಿಂಗಾರಿ ಬಿಳಿಜೋಳಕ್ಕೆ ತಿಂಗಳುಗಟ್ಟಲೆ ಉಣಿಸುತ್ತದೆ. ಹಳೇ ಮೈಸೂರಿನ ತೆಳು ಕೆಮ್ಮಣ್ಣಿನ ಹೊಲದಲ್ಲಿ ಹದಿನೈದು ದಿನ ಮಳೆ ತಪ್ಪಿದರೆ ರಾಗಿ ಪೈರು ಬಾಡುತ್ತದೆ.

ಒಣಗಿದಷ್ಟೂ ದಾರಿ ಮುಚ್ಚುತ್ತದೆ

ಬೋರ್‌ವೆಲ್ ಪ್ರಶ್ನೆಯ ಗಂಟು ಇರುವುದು ಇಲ್ಲಿ. ಸ್ವಲ್ಪ ನಿಧಾನವಾಗಿ ಓದಿ.

ತುಂಬಿದ ಮಣ್ಣಿನಲ್ಲಿ ನೀರು ಹರಿಯುವುದು ಮುಖ್ಯವಾಗಿ ದೊಡ್ಡ ಸಂದುಗಳಲ್ಲಿ. ನಳಿಗೆಯ ಅಗಲ ಅರ್ಧವಾದರೆ ಅದರಲ್ಲಿ ಹರಿಯುವ ನೀರು ಅರ್ಧವಲ್ಲ, ಹದಿನಾರನೇ ಒಂದು ಭಾಗ ಆಗುತ್ತದೆ. ಈಗ ಮಣ್ಣು ಒಣಗಲು ಶುರುವಾಯಿತು ಅನ್ನಿ. ಮೊದಲು ಖಾಲಿಯಾಗುವುದು ಯಾವ ಸಂದು? ದೊಡ್ಡದು. ಔಟರ್ ರಿಂಗ್ ರೋಡ್ ಮೊದಲು ಬಂದ್ ಆಗಿ, ಆಮೇಲೆ ಮುಖ್ಯರಸ್ತೆ ಬಂದ್ ಆಗಿ, ಕೊನೆಗೆ ಚಿಕ್ಕಪೇಟೆಯ ಗಲ್ಲಿಗಳಷ್ಟೇ ತೆರೆದಿದ್ದರೆ ಊರಿನ ಟ್ರಾಫಿಕ್ ಏನಾಗಬಹುದು ಅಂತ ಊಹಿಸಿ. ಅದೇ ಆಗುವುದು.

ಅಂಕಿ ನೋಡಿದರೆ ಗಾಬರಿಯಾಗುತ್ತದೆ. ಸರಾಸರಿ ಗೋಡುಮಣ್ಣು ಪೂರ್ತಿ ತುಂಬಿದಾಗ ದಿನಕ್ಕೆ 25 ಸೆಂ.ಮೀ. ನೀರನ್ನು ಸಾಗಿಸಬಲ್ಲದು. ಹಿಡಿತ 100 ಸೆಂ.ಮೀ.ಗೆ ಬಂದಾಗ, ಅಂದರೆ ಮುಟ್ಟಿದರೆ ಇನ್ನೂ ತಣ್ಣಗೆ ಒದ್ದೆ ಇರುವಾಗಲೇ, ಅದರ ಶಕ್ತಿ ಸುಮಾರು ಏಳುನೂರು ಪಟ್ಟು ಕುಸಿದಿರುತ್ತದೆ. ಆಗ ಅದು ದಿನಕ್ಕೆ 1 ಮಿ.ಮೀ. ನೀರನ್ನೂ ಸಾಗಿಸಲಾರದು.

ಇನ್ನೊಂದು ತಮಾಷೆ ಇದೆ. ಮರಳಿನಲ್ಲಿ ನೀರು ಬೇಗ ಇಳಿಯುತ್ತದೆ, ಜೇಡಿಯಲ್ಲಿ ನಿಧಾನ ಅಂತ ಎಲ್ಲರಿಗೂ ಗೊತ್ತು. ತುಂಬಿದಾಗ ಅದು ನಿಜ. ಮರಳು ದಿನಕ್ಕೆ 7 ಮೀಟರ್, ಜೇಡಿ ದಿನಕ್ಕೆ 5 ಸೆಂ.ಮೀ. ಆದರೆ ಅದೇ 100 ಸೆಂ.ಮೀ. ಹಿಡಿತಕ್ಕೆ ಬಂದಾಗ ಲೆಕ್ಕ ತಿರುಗಿಬೀಳುತ್ತದೆ. ಆಗ ಜೇಡಿ ಮರಳಿಗಿಂತ ಸಾವಿರ ಪಟ್ಟು ಚೆನ್ನಾಗಿ ನೀರು ಸಾಗಿಸುತ್ತದೆ. ಮರಳಿನ ಸಂದೆಲ್ಲ ದೊಡ್ಡದು, ಅವೆಲ್ಲ ಖಾಲಿಯಾಗಿವೆ. ಜೇಡಿಯ ಸಣ್ಣ ಸಂದುಗಳಲ್ಲಿ ನೀರು ಇನ್ನೂ ಎಳೆಯಾಗಿ ಉಳಿದಿದೆ.

ಕುಂಡದ ತಳಕ್ಕೆ ಜಲ್ಲಿ ಹಾಕಿದರೆ ನೀರು ಚೆನ್ನಾಗಿ ಬಸಿಯುತ್ತದೆ ಅಂತ ನಮ್ಮಲ್ಲೊಂದು ನಂಬಿಕೆ ಇದೆ, ಅಲ್ವಾ? ನಾನೂ ವರ್ಷಗಟ್ಟಲೆ ಹಾಕಿದೆ. ಆಗುವುದು ಉಲ್ಟಾ. ಮೇಲಿನ ಮಣ್ಣಿನ ಸಣ್ಣ ಸಂದು ನೀರನ್ನು ಹಿಡಿದಿರುತ್ತದೆ, ಕೆಳಗಿನ ಜಲ್ಲಿಯ ದೊಡ್ಡ ಸಂದಿಗೆ ಅದನ್ನು ಎಳೆದುಕೊಳ್ಳುವ ಶಕ್ತಿಯೇ ಇಲ್ಲ. ಜಲ್ಲಿಯ ಮೇಲಿನ ಮಣ್ಣು ಹೆಚ್ಚುಕಮ್ಮಿ ತೊಪ್ಪೆಯಾಗುವ ತನಕ ಒಂದು ಹನಿಯೂ ಕೆಳಗಿಳಿಯುವುದಿಲ್ಲ. ಜಲ್ಲಿ ಹಾಕಿ ನಾವು ಒದ್ದೆ ಭಾಗವನ್ನು ಬೇರಿನ ಹತ್ತಿರಕ್ಕೆ ಎತ್ತಿಕೊಟ್ಟಂತಾಗುತ್ತದೆ.

ಮಣ್ಣಿನ ತೇವ ಕಮ್ಮಿಯಾದ ಹಾಗೆ ಅದರ ಹರಿಸುವ ಶಕ್ತಿ ಹೇಗೆ ಕುಸಿಯುತ್ತದೆ ಎಂಬುದು ನಮ್ಮ ಎರಡನೇ ಗೆರೆ. ಇದಕ್ಕೆ ಹರಿವಿನ ಗೆರೆ ಅನ್ನೋಣ.

ಟಿಫಿನ್ ಕ್ಯಾರಿಯರ್ ಲೆಕ್ಕ

ಈ ಎರಡು ಗೆರೆ ಹಿಡಿದು ಮಣ್ಣಿನ ನೀರಿನ ಲೆಕ್ಕಕ್ಕೆ ಒಂದು ಮಾದರಿ ಕಟ್ಟುವುದು ಅಂದರೆ ಇಷ್ಟೇ: ನೆಲದಿಂದ ಕೆಳಕ್ಕೆ ಮಣ್ಣನ್ನು ಟಿಫಿನ್ ಕ್ಯಾರಿಯರ್‌ನ ಡಬ್ಬಗಳ ಹಾಗೆ ಒಂದರ ಕೆಳಗೊಂದು ಪದರವಾಗಿ ಕಲ್ಪಿಸಿಕೊಳ್ಳುವುದು. ಒಂದೊಂದು ಡಬ್ಬ 10 ಸೆಂ.ಮೀ. ದಪ್ಪ ಇರಲಿ. ಪ್ರತಿ ಡಬ್ಬಕ್ಕೂ ಒಂದೇ ಲೆಕ್ಕ. ಒಳಗೆ ಬಂದದ್ದರಲ್ಲಿ ಹೊರಗೆ ಹೋದದ್ದನ್ನು ಕಳೆದರೆ, ಡಬ್ಬದಲ್ಲಿ ಆದ ವ್ಯತ್ಯಾಸ. ಮನೆಯ ಖರ್ಚಿನ ಪುಸ್ತಕದಲ್ಲಿ ಬರೆಯುವುದೂ ಇದನ್ನೇ.

ಒಂದು ಡಬ್ಬದಿಂದ ಕೆಳಗಿನ ಡಬ್ಬಕ್ಕೆ ಎಷ್ಟು ಹರಿಯುತ್ತದೆ? ಇಬ್ಬರು ಎಳೆಯುತ್ತಿದ್ದಾರೆ. ಒಬ್ಬ ಗುರುತ್ವ, ಯಾವಾಗಲೂ ಕೆಳಕ್ಕೇ. ಇನ್ನೊಬ್ಬ ಹಿಡಿತ. ಯಾವ ಡಬ್ಬ ಹೆಚ್ಚು ಒಣಗಿದೆಯೋ ಆ ಕಡೆಗೆ. ಅದು ಕೆಳಗಿರಬಹುದು, ಪಕ್ಕದಲ್ಲಿರಬಹುದು, ಮೇಲೂ ಇರಬಹುದು.

ಒಂದು ಸಣ್ಣ ಲೆಕ್ಕ ಮಾಡೋಣ. ಮೇಲಿನ ಡಬ್ಬದ ಹಿಡಿತ 50 ಸೆಂ.ಮೀ., ಕೆಳಗಿನದ್ದು 100. ಡಬ್ಬಗಳ ನಡುವಿನ ದೂರ 10 ಸೆಂ.ಮೀ. ಹಿಡಿತದ ವ್ಯತ್ಯಾಸ 50, ಅದನ್ನು 10ರಿಂದ ಭಾಗಿಸಿದರೆ 5. ಇದಕ್ಕೆ ಗುರುತ್ವದ ಪಾಲು 1 ಸೇರಿಸಿ. ಒಟ್ಟು ಎಳೆತ 6. ಆ ತೇವದಲ್ಲಿ ಮಣ್ಣಿನ ಹರಿಸುವ ಶಕ್ತಿ ದಿನಕ್ಕೆ ಅರ್ಧ ಮಿ.ಮೀ. ಆಗಿದ್ದರೆ, ಗುಣಿಸಿ: ದಿನಕ್ಕೆ 3 ಮಿ.ಮೀ. ನೀರು ಕೆಳಗಿಳಿಯುತ್ತದೆ.

ವಾರ ಕಳೆಯಿತು, ಬಿಸಿಲಿಗೆ ಮೇಲಿನ ಡಬ್ಬ ಒಣಗಿ ಅದರ ಹಿಡಿತ 200 ಆಯಿತು. ಕೆಳಗಿನದ್ದು 100ರಲ್ಲೇ ಇದೆ. ಈಗ 100ರಲ್ಲಿ 200 ಕಳೆದು 10ರಿಂದ ಭಾಗಿಸಿದರೆ ಋಣ 10. ಗುರುತ್ವದ 1 ಸೇರಿಸಿದರೆ ಋಣ 9. ಋಣ ಅಂದರೆ ದಿಕ್ಕು ಬದಲಾಯಿತು. ನೀರು ಮೇಲಕ್ಕೆ ಹೋಗುತ್ತಿದೆ! ಇಳಿದಿದ್ದ ಮಳೆಯನ್ನು ಬಿಸಿಲು ವಾಪಸ್ ಕೇಳುತ್ತಿದೆ.

ಇಷ್ಟೇ ಗಣಿತ ಆಗಿದ್ದರೆ ಕ್ಯಾಲ್ಕುಲೇಟರ್ ಸಾಕಿತ್ತು. ತೊಡಕು ಎಲ್ಲಿ ಅಂದರೆ, ನೀರು ಹರಿದ ಕೂಡಲೇ ಡಬ್ಬದ ತೇವ ಬದಲಾಗುತ್ತದೆ. ತೇವ ಬದಲಾದರೆ ಹಿಡಿತ ಬದಲಾಗುತ್ತದೆ, ಹರಿಸುವ ಶಕ್ತಿಯೂ ಬದಲಾಗುತ್ತದೆ. ಅವು ಬದಲಾದರೆ ಹರಿವೇ ಬೇರೆ. ತನ್ನ ಬಾಲವನ್ನು ತಾನೇ ಅಟ್ಟಿಸಿಕೊಂಡು ಹೋಗುವ ನಾಯಿಯ ಹಾಗೆ. ಅದಕ್ಕೇ ಕಂಪ್ಯೂಟರ್ ಒಂದು ಉತ್ತರ ಊಹಿಸಿ, ಪರೀಕ್ಷಿಸಿ, ತಿದ್ದಿ, ಮತ್ತೆ ಪರೀಕ್ಷಿಸಿ, ಒಂದೊಂದು ನಿಮಿಷದ ಹೆಜ್ಜೆಯಲ್ಲಿ ಸಾಗುತ್ತದೆ. ಒಣಮಣ್ಣಿನ ಮೇಲೆ ಜೋರುಮಳೆ ಬಿದ್ದಾಗ ಹೆಜ್ಜೆಯನ್ನು ಸೆಕೆಂಡುಗಳಿಗೆ ಇಳಿಸಬೇಕಾಗುತ್ತದೆ. ಇಲ್ಲವಾದರೆ ಲೆಕ್ಕ ಹಳಿ ತಪ್ಪುತ್ತದೆ.

ಮೇಲಿನ ಡಬ್ಬಕ್ಕೆ ಮಳೆ ಎಷ್ಟು, ಬಿಸಿಲು ಎಷ್ಟು ಅಂತ ಹೇಳಿಕೊಡಬೇಕು. ಬೇರು ಎಲ್ಲಿಯ ತನಕ ಇದೆ, ಯಾವ ಡಬ್ಬದಿಂದ ಎಷ್ಟು ಕುಡಿಯುತ್ತದೆ ಅಂತ ಹೇಳಬೇಕು. ಕೆಳಗಿನ ಡಬ್ಬದ ತಳದಲ್ಲಿ ಅಂತರ್ಜಲ ಇದೆಯೋ, ಬಂಡೆ ಇದೆಯೋ ಅಂತಲೂ ಹೇಳಬೇಕು. ಉಳಿದದ್ದನ್ನು ಆ ಎರಡು ಗೆರೆಗಳು ನೋಡಿಕೊಳ್ಳುತ್ತವೆ.

ಈ ಲೆಕ್ಕ ಯಾರದ್ದು?

ತುಂಬಿದ ಮರಳಿನಲ್ಲಿ ನೀರು ಹರಿಯುವ ನಿಯಮವನ್ನು 1856ರಲ್ಲಿ ಪ್ರಕಟಿಸಿದವರು ಫ್ರಾನ್ಸಿನ ದಿಜೋನ್ ಊರಿನ ಎಂಜಿನಿಯರ್ ಹೆನ್ರಿ ಡಾರ್ಸಿ. ಊರಿಗೆ ಕುಡಿಯುವ ನೀರು ಕೊಡುವುದು ಅವರ ಕೆಲಸವಾಗಿತ್ತು. ಅರೆತುಂಬಿದ ಮಣ್ಣಿಗೆ ಅದನ್ನು ಒಗ್ಗಿಸಲು ಅರ್ಧ ಶತಮಾನ ಬೇಕಾಯಿತು. ಹರಿಸುವ ಶಕ್ತಿ ತೇವದ ಜೊತೆ ಬದಲಾಗುತ್ತದೆ ಅಂತ 1907ರಲ್ಲಿ ಹೇಳಿದವರು ಎಡ್ಗರ್ ಬಕಿಂಗ್‌ಹ್ಯಾಮ್. ಅವರು ಮೂಲತಃ ಭೌತಶಾಸ್ತ್ರದವರು. ಅಮೆರಿಕದ ಕೃಷಿ ಇಲಾಖೆಯ ಮಣ್ಣಿನ ವಿಭಾಗದಲ್ಲಿ ಕೆಲವೇ ವರ್ಷ ಇದ್ದು ಬೇರೆ ಕಡೆಗೆ ಹೋದರು.

ಡಬ್ಬಗಳ ಲೆಕ್ಕವನ್ನು ಒಂದೇ ಸಮೀಕರಣವಾಗಿ ಬರೆದದ್ದು 1931ರಲ್ಲಿ ಲೊರೆಂಜೊ ರಿಚರ್ಡ್ಸ್. ಇವತ್ತಿಗೂ ಅದು ರಿಚರ್ಡ್ಸ್ ಸಮೀಕರಣ ಅಂತಲೇ ಹೆಸರಾಗಿದೆ. ಹವಾಮಾನ ಮುನ್ಸೂಚನೆಯ ಬಗ್ಗೆ 1922ರಲ್ಲಿ ಪುಸ್ತಕ ಬರೆದ ಲೂಯಿಸ್ ಫ್ರೈ ರಿಚರ್ಡ್‌ಸನ್ ಅದನ್ನು ಒಂಬತ್ತು ವರ್ಷ ಮೊದಲೇ ಬರೆದಿದ್ದರು. ಹೆಸರುಗಳೂ ಹತ್ತಿರಹತ್ತಿರ, ಕೀರ್ತಿ ಮಾತ್ರ ಒಬ್ಬರಿಗೆ ಹೋಯಿತು.

ಆದರೆ ಎರಡು ಗೆರೆಗಳನ್ನು ಪ್ರತಿ ಮಣ್ಣಿಗೂ ಪೂರ್ತಿ ಅಳೆಯುವುದು ಭಾರೀ ಕೆಲಸ. 1980ರಲ್ಲಿ ರೀನ್ ಫಾನ್ ಗೆನೂಖ್ಟನ್ ಅನ್ನುವವರು ಹಿಡಿತದ ಗೆರೆಗೆ ಬೆರಳೆಣಿಕೆಯ ಅಂಕಿಗಳಲ್ಲಿ ಮುಗಿಯುವ ಒಂದು ಸೂತ್ರ ಕೊಟ್ಟರು. 1976ರಲ್ಲಿ ಮುವಾಲೆಮ್ ಅನ್ನುವ ವಿಜ್ಞಾನಿ ತೋರಿಸಿದ್ದ ದಾರಿಗೆ ಅದನ್ನು ಜೋಡಿಸಿದರೆ ಹರಿವಿನ ಗೆರೆಯೂ ಅದರಿಂದಲೇ ಹೊರಡುತ್ತದೆ. ಒಂದು ಗೆರೆ ಅಳೆದರೆ ಇನ್ನೊಂದು ಬಹುಮಟ್ಟಿಗೆ ಪುಕ್ಕಟೆ. ಮೇಲೆ ನಾನು ಕೊಟ್ಟ ಅಂಕಿಗಳೂ ಈ ಸೂತ್ರದಿಂದಲೇ ಬಂದವು. ಹೈಡ್ರಸ್ ಅನ್ನುವ ಸಾಫ್ಟ್‌ವೇರ್ ಈ ಸೂತ್ರಗಳನ್ನೇ ಬಳಸುತ್ತದೆ. ಮೇಲಿಂದ ಕೆಳಕ್ಕೆ ಮಾತ್ರ ಲೆಕ್ಕ ಹಾಕುವ ಅದರ ಸರಳ ಆವೃತ್ತಿಯನ್ನು ಯಾರು ಬೇಕಾದರೂ ಉಚಿತವಾಗಿ ಇಳಿಸಿಕೊಂಡು ಆಡಬಹುದು.

ನಮ್ಮ ಹತ್ತಿರವೂ ಈ ಕೆಲಸ ನಡೆದಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಭಾರತ ಮತ್ತು ಫ್ರಾನ್ಸ್ ಸೇರಿ ನಡೆಸುವ ಜಲವಿಜ್ಞಾನ ಕೇಂದ್ರ ಇದೆ. ಅಲ್ಲಿನವರು ಗುಂಡ್ಲುಪೇಟೆ ತಾಲ್ಲೂಕಿನ ಬೇರಂಬಾಡಿಯ ಹೊಲಗಳಲ್ಲಿ ಮಣ್ಣಿನ ತೇವವನ್ನು ವರ್ಷಗಟ್ಟಲೆ ಅಳೆದಿದ್ದಾರೆ. ಉಪಗ್ರಹಕ್ಕೆ ಕಾಣುವುದು ಮೇಲಿನ ಸುಮಾರು 5 ಸೆಂ.ಮೀ. ಮಣ್ಣು ಮಾತ್ರ. ಬೇರಿನ ಆಳದಲ್ಲಿ ಏನಿದೆ ಅಂತ ತಿಳಿಯಲು ಅದರ ಕೆಳಗೆ ಇಂಥ ಡಬ್ಬಗಳ ಮಾದರಿಯನ್ನೇ ಜೋಡಿಸಬೇಕು.

ಲೆಕ್ಕ ಎಡವುವ ಜಾಗಗಳು

ಮಾದರಿ ನಂಬುವುದು, ಮಣ್ಣು ಅಕ್ಕಿಹಿಟ್ಟಿನ ಹಾಗೆ ಎಲ್ಲೆಡೆ ಒಂದೇ ಸಮ ಅಂತ. ನಿಜದ ಮಣ್ಣಿನಲ್ಲಿ ಗೆದ್ದಲು ಕೊರೆದ ದಾರಿ ಇರುತ್ತದೆ, ಕೊಳೆತ ಬೇರು ಬಿಟ್ಟುಹೋದ ಕೊಳವೆ ಇರುತ್ತದೆ, ಬಿರುಕು ಇರುತ್ತದೆ. ಜೋರುಮಳೆಯಲ್ಲಿ ನೀರು ಇವುಗಳಲ್ಲಿ ನುಗ್ಗಿ, ಸುತ್ತಲಿನ ಮಣ್ಣನ್ನು ನೆನೆಸದೆಯೇ ಆಳಕ್ಕೆ ಇಳಿಯಬಹುದು. ಇದನ್ನು ಸೇರಿಸುವ ಮಾದರಿಗಳೂ ಇವೆ, ಆದರೆ ಹುತ್ತ ಎಲ್ಲಿದೆ ಅಂತ ಅವಕ್ಕೆ ಯಾರು ಹೇಳಬೇಕು?

ತೀರಾ ಒಣಗಿದ ಮಣ್ಣು ನೀರನ್ನು ಬೇಡ ಅನ್ನುವುದೂ ಉಂಟು. ಒಣಗಿ ಹೋದ ಕೋಕೋಪೀಟ್ ಮೇಲೆ ನೀರು ಹೊಯ್ದು ನೋಡಿ. ಮಣಿಮಣಿಯಾಗಿ ಉರುಳಿ, ಕುಂಡದ ಅಂಚಿನಿಂದ ಸೋರಿಹೋಗುತ್ತದೆ, ಒಳಗೆ ಒಣಗಿದ್ದು ಹಾಗೇ ಇರುತ್ತದೆ.

ಒಣಗುವಾಗಿನ ಗೆರೆ, ನೆನೆಯುವಾಗಿನ ಗೆರೆ ಒಂದೇ ಅಲ್ಲ ಅನ್ನುವುದು ಇನ್ನೊಂದು ಕಾಟ. ಒಂದೇ ಹಿಡಿತದಲ್ಲಿ, ಒಣಗುತ್ತಿರುವ ಮಣ್ಣಿನಲ್ಲಿ ಇರುವಷ್ಟು ನೀರು ನೆನೆಯುತ್ತಿರುವ ಮಣ್ಣಿನಲ್ಲಿ ಇರುವುದಿಲ್ಲ. ಹೆಚ್ಚಿನವರು ಲೆಕ್ಕದಲ್ಲಿ ಇದನ್ನು ಸುಮ್ನೆ ಬಿಟ್ಟುಬಿಡುತ್ತಾರೆ.

ಬೆಂಗಳೂರಿಗೆ ಇದರ ಮೇಲೆ ಇನ್ನೊಂದು ಸಮಸ್ಯೆ. ನಮ್ಮ ಸೈಟುಗಳ ಕೆಳಗೆ ಇರುವುದು ಎಷ್ಟೋ ಕಡೆ ಹುಟ್ಟುಮಣ್ಣೇ ಅಲ್ಲ. ಕೆರೆ ಅಂಗಳದ ಹೂಳು, ಒಡೆದ ಮನೆಗಳ ಇಟ್ಟಿಗೆ ಚೂರು, ಜೆಸಿಬಿ ಓಡಾಡಿ ಗಟ್ಟಿಯಾದ ಪದರ. ಇಲ್ಲಿಗೆ ಪುಸ್ತಕದ ಸರಾಸರಿ ಅಂಕಿ ಹಾಕಿದರೆ ಉತ್ತರ ಬರುತ್ತದೆ, ಆದರೆ ಅದು ಬೇರೆ ಯಾವುದೋ ಊರಿನ ಉತ್ತರ. ಗುಂಡಿ ತೋಡಿ, ಪದರ ನೋಡಿ, ಅಳೆದ ಮೇಲೇ ಲೆಕ್ಕಕ್ಕೆ ಕೂರಬೇಕು.

ಹಾಗಾದರೆ ಆ ಮೇ ತಿಂಗಳ ಮಳೆ ಎಲ್ಲಿ ಹೋಯಿತು?

50 ಮಿ.ಮೀ. ಮಳೆ ಬಂತು ಅನ್ನಿ. ಅದು ದೊಡ್ಡ ಮಳೆಯೇ. ಕಾಂಕ್ರೀಟ್, ಡಾಂಬರಿನ ಮೇಲೆ ಬಿದ್ದದ್ದು ರಾಜಕಾಲುವೆಗೆ ಹೋಯಿತು. ಬರಿಮಣ್ಣಿನ ಮೇಲೆ ಬಿದ್ದದ್ದರಲ್ಲಿ ಒಂದು ಹನಿಯೂ ಹರಿದು ಹೋಗದೆ ಪೂರ್ತಿ ಇಂಗಿತು ಅಂತಲೇ ಉದಾರವಾಗಿ ಇಟ್ಟುಕೊಳ್ಳೋಣ. ಬೇಸಿಗೆಗೆ ಒಣಗಿದ್ದ ಮಣ್ಣಿನಲ್ಲಿ ತೇವ ಶೇಕಡಾ 10 ಇತ್ತು, ಹದಕ್ಕೆ ಬರಲು 20 ಆಗಬೇಕು. ಆಗ ಪ್ರತಿ 10 ಸೆಂ.ಮೀ. ಮಣ್ಣಿಗೆ 10 ಮಿ.ಮೀ. ನೀರು ಬೇಕು. 50 ಮಿ.ಮೀ. ಮಳೆ ನೆನೆಸಿದ್ದು 50 ಸೆಂ.ಮೀ. ಆಳವನ್ನು. ಮೊಣಕಾಲಿನಷ್ಟು. ಅಲ್ಲಿಗೆ ಮುಗಿಯಿತು. ಅದರ ಕೆಳಗಿನ ಮಣ್ಣಿಗೆ ಮಳೆ ಬಂದ ಸುದ್ದಿಯೇ ಇಲ್ಲ. ಆಮೇಲೆ ಬಿಸಿಲು. ಈ ತಿಂಗಳುಗಳಲ್ಲಿ ಬಿಸಿಲಿಗೂ ಮರಗಳಿಗೂ ದಿನಕ್ಕೆ 5 ಮಿ.ಮೀ.ನಷ್ಟು ನೀರು ಎಳೆಯುವ ತಾಕತ್ತು ಇರುತ್ತದೆ. ಇನ್ನೊಂದು ಮಳೆ ಬರುವಷ್ಟರಲ್ಲಿ ಡಬ್ಬಗಳು ಮತ್ತೆ ಖಾಲಿ.

ಮಳೆಗಳು ಒಂದರ ಹಿಂದೆ ಒಂದು ಬಂದರೆ ಕಥೆ ಬದಲಾಗುತ್ತದೆ. ಮೇಲಿನ ಡಬ್ಬ ಹದದಲ್ಲೇ ಇರುವಾಗ ಬಿದ್ದ ನೀರು ಕೆಳಗಿನದ್ದಕ್ಕೆ ಹೋಗಲೇಬೇಕು. ಮಣ್ಣು ಒದ್ದೆ ಇರುವುದರಿಂದ ದಾರಿಯೂ ತೆರೆದಿರುತ್ತದೆ. ಬೆಂಗಳೂರಿನಲ್ಲಿ ಅದು ಸಾಮಾನ್ಯವಾಗಿ ಆಗುವುದು ಸೆಪ್ಟೆಂಬರ್, ಅಕ್ಟೋಬರ್ ಹೊತ್ತಿಗೆ. ಒಂದು ಗಂಟೆ ಬಡಿದು ಹೋಗುವ ಮಳೆಗಿಂತ ನಾಲ್ಕು ದಿನದ ಜಡಿಮಳೆ ಅಂತರ್ಜಲಕ್ಕೆ ಮೇಲು ಅನ್ನುವುದರ ಕಾರಣವೂ ಇದೇ. ಆಗಲೂ ತಳದಿಂದ ತೊಟ್ಟಿಕ್ಕುವುದು ಇವತ್ತಿನ ಮಳೆಯಲ್ಲ. ಹೊಸ ನೀರು ಹಳೆಯ ನೀರನ್ನು ಕೆಳಕ್ಕೆ ತಳ್ಳುತ್ತದೆ, ಬಸ್ಸಿನ ಮುಂದಿನ ಬಾಗಿಲಲ್ಲಿ ಜನ ಹತ್ತಿದ ಹಾಗೆ ಹಿಂದಿನವರು ಇಳಿಯುವಂತೆ.

ಇಷ್ಟೆಲ್ಲ ಆದ ಮೇಲೆ ಕೊನೆಗೆ ಅಂತರ್ಜಲಕ್ಕೆ ಸಿಗುವುದೆಷ್ಟು? ನಮ್ಮಲ್ಲಿರುವಂಥ ಶಿಥಿಲಗೊಂಡ ಗ್ರಾನೈಟ್ ಮತ್ತು ನೈಸ್ ಕಲ್ಲಿನ ಪ್ರದೇಶಕ್ಕೆ ದೇಶದ ಅಂತರ್ಜಲ ಅಂದಾಜು ಸಮಿತಿ 1997ರಲ್ಲಿ ಶಿಫಾರಸು ಮಾಡಿದ ಪ್ರಮಾಣ ಮಳೆಯ ಶೇಕಡಾ 8ರಿಂದ 11. ಅದೂ ಮಣ್ಣಿನ ನೆಲದ ಮಾತು, ಕಾಂಕ್ರೀಟಿನದ್ದಲ್ಲ.

ಇಂಗು ಬಾವಿ ಮಾಡುವುದು ಏನನ್ನು?

ತಾರಸಿಯ ಮಳೆನೀರನ್ನು ಆಳಕ್ಕೆ ಇಳಿಸುವ ಈ ಬಾವಿ ಮೇಲಿನ ಡಬ್ಬಗಳನ್ನು ತಪ್ಪಿಸುತ್ತದೆ, ಅಷ್ಟೇ. ತಲೆಮಾರುಗಳಿಂದ ಈ ಊರಿನಲ್ಲಿ ಬಾವಿ ತೋಡುತ್ತ ಬಂದಿರುವ ಮಣ್ಣು ವಡ್ಡರು ಈಗ ಇಂಗು ಬಾವಿಗಳನ್ನೂ ತೋಡುತ್ತಾರೆ. ಮೂವತ್ತು ನಲವತ್ತರ ಸೈಟಿನ ತಾರಸಿ ಪೂರ್ತಿ ಲೆಕ್ಕಕ್ಕೆ ತೆಗೆದುಕೊಂಡರೆ 50 ಮಿ.ಮೀ. ಮಳೆಗೆ ಸುಮಾರು 5,500 ಲೀಟರ್ ನೀರು. ಒಂದು ಸಣ್ಣ ಟ್ಯಾಂಕರ್. ಇಷ್ಟನ್ನು ತೋಟದ ಮೇಲೆ ಹರಡಿದರೆ ಮಣ್ಣಿನ ಮೇಲಿನ ಡಬ್ಬಗಳಲ್ಲೇ ಇಂಗಿ ನಿಲ್ಲುತ್ತದೆ. ಬೇರು, ಬಿಸಿಲು ಮುಟ್ಟದ ಆಳದಲ್ಲಿ ಒಂದೇ ಕಡೆ ಸುರಿದರೆ ಸುತ್ತಲಿನ ಮಣ್ಣು ತುಂಬಿ, ದೊಡ್ಡ ಸಂದುಗಳು ತೆರೆದು, ನೀರು ಕೆಳಕ್ಕೂ ಪಕ್ಕಕ್ಕೂ ಸಾಗುತ್ತದೆ.

ಇದಕ್ಕೂ ಒಂದು ಶತ್ರು ಇದೆ: ತಾರಸಿಯ ಧೂಳು. ಬಾವಿಯ ತಳದಲ್ಲಿ ಕೆಲವೇ ಮಿಲಿಮೀಟರ್ ನುಣ್ಣನೆಯ ಹೂಳು ಕೂತರೆ ಸಾಕು. ಅದರ ಮೇಲೆ ನೀರು ನಿಂತಿರುತ್ತದೆ, ಅದರ ಕೆಳಗಿನ ಮಣ್ಣು ಅರೆತುಂಬಿದ ಸ್ಥಿತಿಯಲ್ಲೇ ಉಳಿಯುತ್ತದೆ. ಒತ್ತಿಟ್ಟ ನುಣ್ಣನೆ ಕಾಫಿಪುಡಿಯ ಅದೇ ಕಥೆ. ಮೇಲಿಂದ ನೋಡಿದವರಿಗೆ ಬಾವಿ ತುಂಬಿದೆ ಅಂತ ಖುಷಿ. ನಿಜಕ್ಕೂ ಅದು ಕಟ್ಟಿಕೊಂಡಿದೆ.

ನಿಮ್ಮ ಮಣ್ಣು ಎಂಥದ್ದು ಅಂತ ತಿಳಿಯಲು ಪ್ರಯೋಗಾಲಯಕ್ಕೆ ಓಡಬೇಕಾಗಿಲ್ಲ. ಹಳೆಯ ಡಬ್ಬವೊಂದರ ಎರಡೂ ಕಡೆ ಕತ್ತರಿಸಿ, ಎರಡು ಇಂಚು ಮಣ್ಣಿಗೆ ಇಳಿಯುವಂತೆ ಬಡಿದು, ಒಂದು ಲೋಟ ನೀರು ಹೊಯ್ದು ಗಡಿಯಾರ ನೋಡಿ. ಮೊದಲ ಲೋಟ ಬೇಗ ಇಳಿದುಬಿಡುತ್ತದೆ. ಅದನ್ನು ಲೆಕ್ಕಕ್ಕೆ ಹಿಡಿಯಬೇಡಿ, ಒಣಮಣ್ಣಿನ ದಾಹ ಅದು. ಐದನೆಯದೋ ಆರನೆಯದೋ ಲೋಟದ ಹೊತ್ತಿಗೆ ಇಳಿಯುವ ಸಮಯ ಒಂದೇ ಸಮ ಆಗುತ್ತದೆ. ಬರೆದುಕೊಳ್ಳಬೇಕಾದದ್ದು ಆ ಸಮಯವನ್ನು. ನಮ್ಮ ಅಪಾರ್ಟ್‌ಮೆಂಟಿನ ಹಿಂದಿನ ಹುಲ್ಲುಹಾಸಿನಲ್ಲಿ ಒಂದು ಲೋಟಕ್ಕೆ 4 ನಿಮಿಷ ಹಿಡಿಯಿತು. ಕಾರು ನಿಲ್ಲಿಸುವ ಜಾಗದ ಪಕ್ಕದ ಮಣ್ಣಿನಲ್ಲಿ ಮೂರನೇ ಲೋಟ ಮುಕ್ಕಾಲು ಗಂಟೆ ಕಳೆದರೂ ಇಳಿದಿರಲಿಲ್ಲ. ಇಂಗು ಬಾವಿಗೆ ಅಂತ ಎಲ್ಲರೂ ಒಪ್ಪಿ ಗುರುತು ಹಾಕಿದ್ದು ಆ ಜಾಗಕ್ಕೇ.